ಬೊಗಸೆ ನೀರು ಮತ್ತು ಏಳು ಬಣ್ಣ

ಕಳೆದ ರಥಸಪ್ತಮಿಯ ದಿನ ನಾನು ಪಾಠ ಮಾಡುವ ಕಾಲೇಜಿನ ಮೈದಾನದಲ್ಲಿ ಸಾಮೂಹಿಕ ಸೂರ್ಯನಮಸ್ಕಾರ ಇತ್ತು. ಬೆಳಿಗ್ಗೆ ಆರೂವರೆಗೆ ಎಲ್ಲರೂ ಹಾಜರಿರಬೇಕು ಅಂತ ನೋಟೀಸು. ನಾನು ಅತಿಥಿ ಉಪನ್ಯಾಸಕ. ಬರುವುದಿಲ್ಲ ಅನ್ನುವ ಧೈರ್ಯ ಮುಂದಿನ ವರ್ಷವೂ ಕೆಲಸ ಇರುತ್ತದೆ ಎಂಬ ಖಾತ್ರಿ ಇದ್ದವರಿಗೆ ಮಾತ್ರ ಬರುವಂಥದ್ದು. ಹೋದೆ. ಹನ್ನೆರಡು ಸುತ್ತು ನಾನೂ ಬಗ್ಗಿ ಎದ್ದೆ. ಆಮೇಲೆ ಮುಖ್ಯ ಅತಿಥಿಗಳು ಅರ್ಧ ಗಂಟೆ ಮಾತಾಡಿದರು. ಅರ್ಘ್ಯ ಬಿಡುವಾಗ ಬೀಳುವ ನೀರು ಗಾಜಿನ ಪಟ್ಟಕದ ಹಾಗೆ ಬೆಳಕನ್ನು ಏಳು ಬಣ್ಣವಾಗಿ ಒಡೆದು ಮೈಗೆ ಬಿಡುತ್ತದಂತೆ. ಸೂರ್ಯನ ರಥದ ಏಳು ಕುದುರೆ ಅಂದರೆ ಆ ಏಳು ಬಣ್ಣಗಳೇ ಅಂತೆ. ಎಳೆಬಿಸಿಲಿಗೆ ನಿಂತು ಸಂಧ್ಯಾವಂದನೆ ಮಾಡಿದರೆ ವಿಟಮಿನ್ ಡಿ ಸಿಗುತ್ತದಂತೆ. ರಥಸಪ್ತಮಿಯ ಸ್ನಾನಕ್ಕೆ ತಲೆ, ಭುಜ, ಮಂಡಿಗಳ ಮೇಲೆ ಇಟ್ಟುಕೊಳ್ಳುವ ಎಕ್ಕದ ಎಲೆ ಸೂರ್ಯಶಕ್ತಿಯನ್ನು ಹೀರಿ ದೇಹಕ್ಕೆ ಕೊಡುತ್ತದಂತೆ. ನಮ್ಮ ಪೂರ್ವಜರು ವಿಜ್ಞಾನಿಗಳು, ಸಾಮಾನ್ಯ ಜನರಿಗೆ ತಿಳಿಯಲಿ ಅಂತ ಇದಕ್ಕೆಲ್ಲ ಆಚರಣೆಯ ರೂಪ ಕೊಟ್ಟರು ಅಂತ ಮುಗಿಸಿದರು. ಚಪ್ಪಾಳೆ ಬಿತ್ತು.

ಮೈದಾನದಿಂದ ಬರುವಾಗ ಎರಡನೇ ಬಿ.ಎ. ಓದುವ ಹುಡುಗಿಯೊಬ್ಬಳು, ನಮ್ಮ ಕೇರಿಯಂಥದೇ ಒಂದು ಕೇರಿಯಿಂದ ಬರುವವಳು, ಕೇಳಿದಳು: "ಸಾರ್, ಇಷ್ಟೊಂದ್ ಒಳ್ಳೇದು ಅಂತಾದ್ರೆ ನಮ್ಮೋರಿಗೆ ಯಾಕ್ ಸಾರ್ ಹೇಳ್ಕೊಡ್ಲಿಲ್ಲ?"

ಕ್ಲಾಸಿನಲ್ಲಿ ಮಾತಾಡೋಣ ಅಂದೆ. ಮಾತಾಡಲಿಲ್ಲ. ಪಠ್ಯ ಮುಗಿಸುವುದಿತ್ತು ಅನ್ನುವುದು ನೆಪ. ಅವಳ ಪ್ರಶ್ನೆಗೆ ಉತ್ತರ ಕೊಡುವ ಪ್ರಯತ್ನ ಈ ಬರಹ.

ಮೊದಲು ಆ ವಿಜ್ಞಾನದ ಸಂಗತಿ ಮುಗಿಸಿಬಿಡೋಣ, ಅದೇನು ದೊಡ್ಡದಲ್ಲ. ಹನಿಗಳಲ್ಲಿ ಕಾಮನಬಿಲ್ಲು ಕಾಣಬೇಕಾದರೆ ಸೂರ್ಯ ನಮ್ಮ ಬೆನ್ನ ಹಿಂದೆ ಇರಬೇಕು. ಅರ್ಘ್ಯ ಬಿಡುವವರು ಸೂರ್ಯನಿಗೆ ಮುಖ ಮಾಡಿ ನಿಂತಿರುತ್ತಾರೆ. ಇನ್ನು ವಿಟಮಿನ್ ಡಿ. ಅದು ಚರ್ಮದಲ್ಲಿ ತಯಾರಾಗುವುದು ಬಿಸಿಲಿನ ಅತಿನೇರಳೆ ಬಿ ಕಿರಣಗಳಿಂದ. ಹುಟ್ಟುವ, ಮುಳುಗುವ ಸೂರ್ಯನ ಕಿರಣ ಓರೆಯಾಗಿ ಬಂದು ವಾತಾವರಣದಲ್ಲಿ ಬಹಳ ದೂರ ಹಾಯಬೇಕಾದ್ದರಿಂದ ಆ ಬಿ ಕಿರಣಗಳು ನೆಲ ಮುಟ್ಟುವ ಮೊದಲೇ ಬಹುಪಾಲು ಸೋಸಿ ಹೋಗಿರುತ್ತವೆ. ನಿಮ್ಮ ನೆರಳು ನಿಮಗಿಂತ ಉದ್ದ ಇದ್ದರೆ ಆ ಬಿಸಿಲಿನಲ್ಲಿ ವಿಟಮಿನ್ ಹೆಚ್ಚೇನೂ ಇಲ್ಲ ಎಂದು ಲೆಕ್ಕ. ಮಧ್ಯಾಹ್ನದ ಸಂಧ್ಯೆಯೂ ಇದೆಯಲ್ಲ ಅಂತ ಯಾರಾದರೂ ಕೇಳಬಹುದು. ಇದೆ, ನಿಜ. ಆದರೆ ಈ ವಿವರಣೆಗಳೆಲ್ಲ ಎಳೆಬಿಸಿಲಿನ ಹೆಸರಲ್ಲೇ ಬರುತ್ತವೆ, ನಡುಮಧ್ಯಾಹ್ನದ ಬಿಸಿಲನ್ನು ಹೊಗಳುವವರನ್ನು ನಾನು ಕಂಡಿಲ್ಲ. ಆ ಹೊತ್ತಿನಲ್ಲಿ ಯಾರು ಬಯಲಲ್ಲಿ ಇರುತ್ತಾರೆ ಎಂಬ ಮಾತಿಗೆ ಆಮೇಲೆ ಬರುತ್ತೇನೆ.

ಏಳು ಬಣ್ಣದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಬೆಳಕಿನ ಪಟ್ಟಿಯಲ್ಲಿ ಏಳು ಅಂತ ಗೆರೆ ಹಾಕಿದ ಮನೆಗಳಿಲ್ಲ, ಒಂದು ಬಣ್ಣ ಇನ್ನೊಂದರೊಳಗೆ ಕರಗುತ್ತಾ ಹೋಗುತ್ತದೆ. ಮೊದಲು ಐದು ಎಣಿಸಿದ್ದ ನ್ಯೂಟನ್, ಸಂಗೀತದ ಏಳು ಸ್ವರಗಳಿಗೆ ಹೊಂದಲಿ ಅಂತ ಕಿತ್ತಳೆಯನ್ನೂ ಊದಾ ನೀಲಿಯನ್ನೂ ಸೇರಿಸಿ ಏಳು ಮಾಡಿದ. ಅಂದರೆ ಹದಿನೇಳನೇ ಶತಮಾನದ ಒಬ್ಬ ಇಂಗ್ಲಿಷಿನವನ ಸಂಗೀತದ ಮೋಹಕ್ಕೆ ನಮ್ಮ ವೇದದ ಕುದುರೆಗಳನ್ನು ಕಟ್ಟಿಹಾಕಿದ್ದಾರೆ.

ಎಕ್ಕದ ವಿಚಾರಕ್ಕೆ ನಮ್ಮವ್ವನೇ ಸಾಕು. "ಎಕ್ಕದ ಹಾಲು ಕಣ್ಗೆ ಬಿದ್ರೆ ಕಣ್ಣೇ ಹೋಯ್ತದೆ ಕಣಪ್ಪ, ಮಕ್ಕಳ ತಲೆ ಮ್ಯಾಲೆ ಅದ್ನ್ಯಾಕೆ ಮಡಗ್ತಾರೆ" ಅಂದಳು. ಕಾಲಿಗೆ ಮುಳ್ಳು ಮುರಿದರೆ ಅದರ ಮೇಲೆ ಎಕ್ಕದ ಹಾಲು ಬಿಡುವುದು ಅವಳಿಗೆ ಗೊತ್ತು, ಅದು ವಿಷ ಅನ್ನುವುದೂ ಗೊತ್ತು. ಪಾಳು ಬಿದ್ದ ಜಾಗದಲ್ಲಿ ಹುಟ್ಟುವ ಗಿಡ ಅದು. 'ಎಕ್ಕುಟ್ಟೋಗ್ಲಿ' ಎಂಬ ನಮ್ಮ ಬೈಗುಳ ಅಲ್ಲಿಂದಲೇ ಬಂದಿದ್ದು: ಮನೆ ಹಾಳಾಗಿ ಅಲ್ಲಿ ಎಕ್ಕ ಹುಟ್ಟಲಿ ಅಂತ. ಇಂಥ ಗಿಡ ಸೂರ್ಯನಿಗೆ ಯಾಕೆ ಪ್ರಿಯವಾಯಿತು? ಸಂಸ್ಕೃತದಲ್ಲಿ 'ಅರ್ಕ' ಅಂದರೆ ಸೂರ್ಯ, 'ಅರ್ಕ' ಅಂದರೆ ಎಕ್ಕವೂ ಹೌದು. ಹೆಸರು ಒಂದಾದ್ದರಿಂದ ವಸ್ತುವೂ ಒಂದು ಎಂಬ ನಂಬಿಕೆ. ಇದು ಶಬ್ದದ ಮೇಲಿನ ನಂಬಿಕೆ, ಶಕ್ತಿ ಹೀರುವ ಸಂಗತಿ ಇದರಲ್ಲಿ ಎಲ್ಲೂ ಇಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ ಇದು ವಿಚಾರವಾದಿಗಳ ಹಳೆಯ ದಾರಿಯೇ ಆಗುತ್ತದೆ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದ್ದನ್ನು ಗೌರವದಿಂದ ನೆನೆಯುತ್ತೇನೆ. ಆದರೆ ವಿಟಮಿನ್ ಇದೆಯೋ ಇಲ್ಲವೋ ಎಂಬ ಜಗಳಕ್ಕೆ ಇಳಿದ ಕ್ಷಣವೇ ನಾವು ಅವರ ಅಂಗಳದಲ್ಲಿ ಆಡತೊಡಗುತ್ತೇವೆ. ನಾಳೆ ಯಾವುದೋ ಪ್ರಯೋಗಾಲಯ ಎಕ್ಕದ ಎಲೆಯಲ್ಲಿ ನಿಜವಾಗಿಯೇ ಏನೋ ಒಳ್ಳೆಯ ಗುಣ ಹುಡುಕಿಕೊಟ್ಟರೆ? ಆಗ ರಥಸಪ್ತಮಿಗೆ ಶರಣು ಹೋಗಬೇಕೆ? ಆ ಹುಡುಗಿ ಕೇಳಿದ್ದು 'ಇದು ನಿಜವಾ' ಅಂತ ಅಲ್ಲ. 'ನಮಗೆ ಯಾಕೆ ಹೇಳಿಕೊಡಲಿಲ್ಲ' ಅಂತ. ಮೊದಲನೇ ಪ್ರಶ್ನೆಯನ್ನು ಯಾರು ಬೇಕಾದರೂ ಕೇಳಬಹುದು. ಎರಡನೆಯದು ಕೇರಿಯಿಂದ ಬಂದವಳ ಬಾಯಲ್ಲೇ ಹುಟ್ಟುವಂಥದ್ದು. ದಲಿತ ವಿಮರ್ಶೆ ಅಂತ ಒಂದಿದ್ದರೆ ಅದು ಶುರುವಾಗಬೇಕಾದ ಜಾಗ ಇದು ಎಂದು ನನಗನ್ನಿಸುತ್ತದೆ.

ಹಾಗಾದರೆ ಅರ್ಘ್ಯ ಯಾಕೆ ಅನ್ನುವುದಕ್ಕೆ ಪರಂಪರೆಯೇ ಏನು ಹೇಳಿದೆ? ಈ ವೈಜ್ಞಾನಿಕರು ಯಾವತ್ತೂ ಬಾಯಿಬಿಡದ ವಿವರಣೆ ಅದು. ತೈತ್ತಿರೀಯ ಆರಣ್ಯಕದಲ್ಲೂ ವಿಷ್ಣುಪುರಾಣದಲ್ಲೂ ಮಂದೇಹರೆಂಬ ರಾಕ್ಷಸರ ಕಥೆ ಇದೆ. ಅವರು ದಿನವೂ ಸೂರ್ಯನ ಮೇಲೆ ಬೀಳುತ್ತಾರೆ. ಬ್ರಾಹ್ಮಣರು ಗಾಯತ್ರಿಯಿಂದ ಮಂತ್ರಿಸಿ ಎಸೆಯುವ ನೀರು ವಜ್ರಾಯುಧವಾಗಿ ಅವರನ್ನು ಹೊಡೆದು ಓಡಿಸುತ್ತದೆ. ಸಂಧ್ಯೆಯನ್ನು ತಪ್ಪಿಸಿದವನು ಸೂರ್ಯನನ್ನೇ ಕೊಂದ ಹಾಗೆ ಎಂದು ಕೂಡ ವಿಷ್ಣುಪುರಾಣ ಹೇಳುತ್ತದೆ. ಗಮನಿಸಿ, ಇಲ್ಲಿ ಸೂರ್ಯ ಬ್ರಾಹ್ಮಣನನ್ನು ಕಾಯುವುದಿಲ್ಲ, ಬ್ರಾಹ್ಮಣನ ಬೊಗಸೆ ನೀರು ಸೂರ್ಯನನ್ನು ಕಾಯುತ್ತದೆ. ಲೋಕಕ್ಕೆ ಬೆಳಗಾಗುವುದೇ ಆ ಬೊಗಸೆಯ ದಯದಿಂದ. ಇದಕ್ಕಿಂತ ದೊಡ್ಡ ಅಧಿಕಾರ ಇನ್ನೊಂದು ಇದೆಯೆ? ಆರೋಗ್ಯಕ್ಕೂ ಇದಕ್ಕೂ ಏನು ಸಂಬಂಧ?

ಏಳು ಕುದುರೆಗಳಿಗೂ ಪುರಾಣದ್ದೇ ಅರ್ಥ ಉಂಟು. ವಿಷ್ಣುಪುರಾಣ ಅವುಗಳ ಹೆಸರನ್ನೇ ಕೊಡುತ್ತದೆ: ಗಾಯತ್ರೀ, ಬೃಹತೀ, ಉಷ್ಣಿಕ್, ಜಗತೀ, ತ್ರಿಷ್ಟುಪ್, ಅನುಷ್ಟುಪ್, ಪಂಕ್ತಿ. ವೇದದ ಏಳು ಛಂದಸ್ಸುಗಳು. ಸೂರ್ಯನ ರಥವನ್ನು ಎಳೆಯುತ್ತಿರುವುದು ವೇದ. ಆ ವೇದ ಯಾರಿಗೆ? ಗಾಯತ್ರಿ ಋಗ್ವೇದದ ಮೂರನೇ ಮಂಡಲದ್ದು, ಸವಿತೃವಿಗೆ ಹೇಳಿದ್ದು. ಉಪನಯನವಾದವನ ಕಿವಿಯಲ್ಲಿ ಮಾತ್ರ ಹೇಳಬೇಕಾದ್ದು. ಮೂರು ವರ್ಣದ ಗಂಡಸರಿಗೆ ಉಪನಯನ, ಶೂದ್ರರಿಗೂ ಹೆಂಗಸರಿಗೂ ಇಲ್ಲ. ವರ್ಣದ ಲೆಕ್ಕಕ್ಕೇ ಸೇರದ ನಮ್ಮ ಮಾತಂತೂ ಏಳುವುದೇ ಇಲ್ಲ. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕರಗಿಸಿದ ಲೋಹವನ್ನೂ ಅರಗನ್ನೂ ತುಂಬಬೇಕೆಂದು ಗೌತಮ ಧರ್ಮಸೂತ್ರ ಹೇಳಿದ್ದು ನಮ್ಮ ವೇದಿಕೆಗಳಲ್ಲಿ ನೂರು ಸಲ ಬಂದಿರುವ ಮಾತು. ಬ್ರಹ್ಮಸೂತ್ರದ ಭಾಷ್ಯದಲ್ಲಿ ಶೂದ್ರನಿಗೆ ಅಧಿಕಾರವಿಲ್ಲ ಎಂದು ಸಾಧಿಸುವಾಗ ಶಂಕರರು ಇದನ್ನು ಎತ್ತಿಕೊಳ್ಳುತ್ತಾರೆ ಎಂಬುದನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ. ಅಲ್ಲಿಗೆ ಇದು ಯಾವುದೋ ಮೂಲೆಯ ಸೂತ್ರವಾಗಿ ಉಳಿಯಲಿಲ್ಲ, ತತ್ವಶಾಸ್ತ್ರದ ಒಳಗೇ ಬಂತು.

ಈಗ ಎರಡು ವಿವರಣೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಹಳೆಯದು ಸುಳ್ಳು, ಆದರೆ ಪ್ರಾಮಾಣಿಕ. ಸೂರ್ಯ ನಮ್ಮಿಂದ ಹುಟ್ಟುತ್ತಾನೆ, ಆ ಮಂತ್ರ ನಿಮಗಿಲ್ಲ ಅಂತ ನೇರವಾಗಿ ಹೇಳುತ್ತದೆ. ಹೊಸದು, ಇದೆಲ್ಲ ಎಲ್ಲರ ಆರೋಗ್ಯಕ್ಕೆ ಮಾಡಿದ್ದು ಅನ್ನುತ್ತದೆ. 'ಎಲ್ಲರ' ಎಂಬ ಈ ಒಂದು ಮಾತಿನಲ್ಲಿ ಕಿವಿಗೆ ಸುರಿದ ಅರಗು ಮಾಯವಾಗುತ್ತದೆ. ಹುಡುಗಿಯ ಪ್ರಶ್ನೆ ಕತ್ತರಿಯ ಹಾಗೆ ಬೀಳುವುದು ಇಲ್ಲೇ. ಇದು ನಿಜಕ್ಕೂ ಔಷಧವಾಗಿದ್ದರೆ, ಗೊತ್ತಿದ್ದೂ ಗೊತ್ತಿದ್ದೂ ಬಹುಸಂಖ್ಯಾತ ಜನರಿಂದ ಅದನ್ನು ಬಚ್ಚಿಟ್ಟರು. ಕೇಳಿಸಿಕೊಂಡವರನ್ನು ಶಿಕ್ಷಿಸಬೇಕೆಂದು ಬರೆದಿಟ್ಟರು. ಅದಕ್ಕಿಂತ ದೊಡ್ಡ ಅಪರಾಧ ಬೇಕೆ? ಔಷಧವಾಗಿರಲಿಲ್ಲ ಅನ್ನುವುದಾದರೆ ಈಗ ಮೈಕು ಹಿಡಿದು ಹೇಳುತ್ತಿರುವುದು ಸುಳ್ಳು. ಎರಡರಲ್ಲಿ ಒಂದನ್ನು ಅವರು ಒಪ್ಪಲೇಬೇಕು. ಶಾಸ್ತ್ರವನ್ನು ಪ್ರಮಾಣ ಅಂತ ತೋರಿಸಿದರೆ ಇವತ್ತು ಮರ್ಯಾದೆ ಹೋಗುತ್ತದೆ, ಅದರೊಳಗೆ ನಾವು ಎಲ್ಲಿದ್ದೆವು ಅನ್ನುವುದು ಬಯಲಾಗುತ್ತದೆ. ಆದ್ದರಿಂದ ಪ್ರಮಾಣ ಬದಲಾಗಿದೆ, ಅದನ್ನು ಹೇಳುವ ಪೀಠ ಬದಲಾಗಿಲ್ಲ.

ಈಗ ಗಾಯತ್ರಿ ಕ್ಯಾಸೆಟ್ಟಿನಲ್ಲೇ ಬಂದು ಎಷ್ಟೋ ವರ್ಷವಾಯಿತು, ಯಾರು ಬೇಕಾದರೂ ಹೇಳಬಹುದು, ಇನ್ನೂ ಯಾಕೆ ಹಳೆಯದನ್ನು ಕೆದಕುತ್ತೀರಿ ಅನ್ನುವವರಿದ್ದಾರೆ. ಆರ್ಯಸಮಾಜ 1875ರಿಂದಲೇ ವೇದ ಎಲ್ಲರಿಗೂ ಅಂದಿತು ಎಂದೂ ತೋರಿಸುತ್ತಾರೆ. ಸರಿ. ಆದರೆ ಬಾಗಿಲು ತೆರೆದವರು ಇಷ್ಟು ದಿನ ಮುಚ್ಚಿದ್ದೆವು ಅಂತ ಹೇಳಬೇಕಲ್ಲ? ಬಾಗಿಲು ಇರಲೇ ಇಲ್ಲ ಅನ್ನುವುದು ಬೇರೆ ಮಾತು. ಮಹಾಡ್‌ನಲ್ಲಿ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಗೆ ಇಳಿದು ನೀರು ಕುಡಿದರು, ಅವರ ಹಿಂದೆ ಸಾವಿರಾರು ಜನ ಕುಡಿದರು. ಅವರ ಕೈಗಳಲ್ಲಿದ್ದದ್ದೂ ಬೊಗಸೆ ನೀರೇ. ಆಮೇಲೆ ಸವರ್ಣೀಯರು ಗಂಜಳ, ಸಗಣಿ, ಹಾಲು, ಮೊಸರು ತುಂಬಿದ ನೂರೆಂಟು ಮಡಕೆಗಳನ್ನು ಆ ಕೆರೆಗೆ ಸುರಿದು ಮಂತ್ರ ಹೇಳಿ ಶುದ್ಧಿ ಮಾಡಿಕೊಂಡರು. ಒಂದು ಬೊಗಸೆ ಸೂರ್ಯನನ್ನು ಉಳಿಸುತ್ತದೆ, ಇನ್ನೊಂದು ಬೊಗಸೆ ಕೆರೆಯನ್ನು ಕೆಡಿಸುತ್ತದೆ. ನೀರು ಅದೇ. ಪಟ್ಟಕದ ವಿಜ್ಞಾನ ಹೇಳುವವರು ಈ ವ್ಯತ್ಯಾಸಕ್ಕೂ ಒಂದು ವೈಜ್ಞಾನಿಕ ಕಾರಣ ಕೊಡಬೇಕು.

ಮೈದಾನದಲ್ಲಿ ನಾವು ಮಾಡಿದ ಸೂರ್ಯನಮಸ್ಕಾರದ್ದು ಇನ್ನೊಂದು ಕಥೆ. ಹಳೆಯದಾಗಿ ಇದ್ದದ್ದು ತೈತ್ತಿರೀಯ ಆರಣ್ಯಕದ ಅರುಣಪ್ರಶ್ನ ಹೇಳುತ್ತಾ ಹಾಕುವ ಅಡ್ಡಬೀಳುವಿಕೆ. ಅದಕ್ಕೆ ವೇದಾಧಿಕಾರ ಬೇಕು. ಈಗಿನ ಹಾಗೆ ಉಸಿರು ಎಳೆದು ಬಿಟ್ಟು ಮಾಡುವ ಕವಾಯತನ್ನು ಊರೂರಿಗೆ ಹರಡಿದವನು ಮಹಾರಾಷ್ಟ್ರದ ಔಂಧ್ ಸಂಸ್ಥಾನದ ರಾಜ ಭವಾನ್‌ರಾವ್ ಪಂತ ಪ್ರತಿನಿಧಿ. ಯೂರೋಪಿನ ಪೈಲ್ವಾನ ಸ್ಯಾಂಡೋನ ಅಂಗಸಾಧನೆಯನ್ನು ವರ್ಷಗಟ್ಟಲೆ ಮಾಡಿ ಆಮೇಲೆ ಇದಕ್ಕೆ ಹೊರಳಿದವನು ಅವನು. 1920ರ ದಶಕದಲ್ಲಿ ತನ್ನ ಸಂಸ್ಥಾನದ ಶಾಲೆಗಳಿಗೆ ತಂದ, ಪುಸ್ತಕ ಬರೆದ. ಅದರ ಇಂಗ್ಲಿಷ್ ರೂಪ 1938ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯುತ್ತಿದ್ದಾಗ ಸೂರ್ಯನಮಸ್ಕಾರದ ತರಗತಿ ಬೇರೆಯಾಗಿಯೇ ಇತ್ತು ಎಂದು ಆ ಚರಿತ್ರೆ ಬರೆದವರು ತೋರಿಸಿದ್ದಾರೆ. ನೂರು ವರ್ಷದ ಈ ವ್ಯಾಯಾಮವನ್ನೇ ಸಾವಿರಾರು ವರ್ಷದ ಋಷಿವಿಜ್ಞಾನ ಅಂತ ನೋಟೀಸು ಹಾಕುತ್ತಾರೆ. ಆಯುಷ್ ಸಚಿವಾಲಯ 2022ರ ಜನವರಿ 14ರಂದು, ಬೇರೆ ಯಾವ ದಿನವೂ ಅಲ್ಲ, ಮಕರ ಸಂಕ್ರಾಂತಿಯಂದೇ ಸಾಮೂಹಿಕ ಪ್ರದರ್ಶನ ಏರ್ಪಡಿಸಿತು. ರಾಜಸ್ಥಾನದ ಶಾಲೆಗಳಲ್ಲಿ 2024ರ ಫೆಬ್ರವರಿ 15ರ ಸೂರ್ಯಸಪ್ತಮಿಗೆ ಮಾಡಿಸಿದಾಗ ಮುಸ್ಲಿಂ ಸಂಘಟನೆಗಳು ಹೈಕೋರ್ಟಿಗೆ ಹೋದವು. ಬರೀ ವ್ಯಾಯಾಮ ಅಂತಾದರೆ ತಿಥಿ ಯಾಕೆ ನೋಡಬೇಕು? ಮೈಗೆ ಒಳ್ಳೆಯದು ಅನ್ನುವುದರಲ್ಲಿ ನನಗೆ ತಕರಾರಿಲ್ಲ. ಆ ದಿನ ಹನ್ನೆರಡು ಸುತ್ತಿಗೆ ನನ್ನ ಸೊಂಟ ಹಗುರವಾಗಿದ್ದೂ ನಿಜವೇ.

ಸೂರ್ಯನ ಮಗನ ಪಾಡನ್ನೂ ಒಮ್ಮೆ ನೋಡಬೇಕು. ಕರ್ಣನಿಗೆ ಅಪ್ಪನಿಂದ ಕವಚ ಬಂತು, ಕುಂಡಲ ಬಂತು, ಕುಲ ಮಾತ್ರ ಬರಲಿಲ್ಲ. ತುಂಬಿದ ಸಭೆಯಲ್ಲಿ ನಿನ್ನ ವಂಶ ಯಾವುದು ಅಂತ ಕೃಪ ಕೇಳಿದಾಗ ಅವನ ಮುಖ ಬಾಡಿತು. ಸೂರ್ಯ ಮೇಲೆಯೇ ಇದ್ದ, ಬಾಯಿ ಬಿಡಲಿಲ್ಲ. ಕೊನೆಗೆ ಕರ್ಣ ಮಧ್ಯಾಹ್ನ ನೀರಿನಲ್ಲಿ ನಿಂತು ಸೂರ್ಯನಿಗೆ ಕೈಮುಗಿಯುವ, ಬ್ರಾಹ್ಮಣರು ಕೇಳಿದ್ದನ್ನು ಇಲ್ಲ ಅನ್ನದ ಹೊತ್ತನ್ನೇ ಹೊಂಚುಹಾಕಿ ಇಂದ್ರ ಬ್ರಾಹ್ಮಣ ವೇಷದಲ್ಲಿ ಬಂದು ಕವಚವನ್ನು ಕೇಳುತ್ತಾನೆ. ಸೂರ್ಯೋಪಾಸನೆಯಿಂದ ಏನು ಸಿಗುತ್ತದೆ ಅನ್ನುವುದು ಯಾರು ಉಪಾಸನೆ ಮಾಡುತ್ತಾರೆ ಅನ್ನುವುದರ ಮೇಲಿದೆ ಎಂದು ಮಹಾಭಾರತಕ್ಕೆ ಗೊತ್ತಿತ್ತು. ಇದೇ ಕರ್ಣನನ್ನು ಪಂಪ ಎದೆಗೆ ಹಚ್ಚಿಕೊಂಡದ್ದನ್ನು ನಮ್ಮ ಮೇಷ್ಟ್ರುಗಳು ಭಾವುಕರಾಗಿ ಪಾಠ ಮಾಡುತ್ತಾರೆ. ರಥಸಪ್ತಮಿಯ ದಿನ ಮಾತ್ರ ಅವನ ನೆನಪಾಗುವುದಿಲ್ಲ.

ದೇವರಾದ ಸೂರ್ಯನದೂ ಒಂದು ವಿಚಿತ್ರ. ಆರನೇ ಶತಮಾನದ ವರಾಹಮಿಹಿರ ಸೂರ್ಯನ ಮೂರ್ತಿಗೆ ಉತ್ತರದವರ ಉಡುಪು ಇರಬೇಕು, ಪ್ರತಿಷ್ಠೆಯನ್ನು ಮಗರು ಮಾಡಬೇಕು ಅನ್ನುತ್ತಾನೆ. ಕುಷ್ಠವಾಗಿದ್ದ ಸಾಂಬ ಶಾಕದ್ವೀಪದಿಂದ ಕರೆತಂದ ಪುರೋಹಿತರು ಈ ಮಗರು. ಇವರ ಮೂಲ ಇರಾನ್ ಅಂತ ವಿದ್ವಾಂಸರು ಹೇಳುತ್ತಾರೆ. ಅದಕ್ಕೇ ಉತ್ತರ ಭಾರತದ ಹಳೆಯ ಸೂರ್ಯಮೂರ್ತಿಗಳ ಕಾಲಲ್ಲಿ ಮೊಣಕಾಲುದ್ದದ ಬೂಟು ಇದೆ. ದಕ್ಷಿಣಕ್ಕೆ ಬರುವಾಗ ಬರಿಗಾಲಾದ. ಬೂಟು ಹಾಕಿಕೊಂಡೇ ಗರ್ಭಗುಡಿಯಲ್ಲಿ ನಿಂತ ಒಬ್ಬ ದೇವರು ಈ ದೇಶದಲ್ಲಿದ್ದಾನೆ. ನಮ್ಮ ತಾತ ಮೇಲುಕೇರಿ ದಾಟುವಾಗ ಮೆಟ್ಟನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ.

ಹಾಗಂತ ನಮ್ಮ ಕೇರಿಯಲ್ಲೂ ಒಂದು ಸೂರ್ಯಾರಾಧನೆ ಇತ್ತು, ಅದು ಶುದ್ಧವಾದದ್ದು, ಅದನ್ನು ಎತ್ತಿ ಹಿಡಿಯೋಣ ಎಂದು ನಾನು ಹೊರಟಿಲ್ಲ. ಅವ್ವ ಎದ್ದ ಕೂಡಲೇ ಬಾಗಿಲಲ್ಲಿ ನಿಂತು 'ಹೊತ್ತಪ್ಪ ಕಾಪಾಡಪ್ಪ' ಅಂತ ಕೈಮುಗಿಯುತ್ತಾಳೆ. ಅಷ್ಟೇ. ಮಂತ್ರವಿಲ್ಲ, ಸೊಪ್ಪಿಲ್ಲ. ಆದರೆ ಆ ಪದವನ್ನು ಗಮನಿಸಿ. ನಮ್ಮ ಮಾತಿನಲ್ಲಿ ಹೊತ್ತು ಅಂದರೆ ಸೂರ್ಯ, ಹೊತ್ತು ಅಂದರೆ ವೇಳೆ. ಹೊತ್ತಾರೆ, ಇಳಿಹೊತ್ತು, ಹೊತ್ತು ನೆತ್ತಿಗೆ ಬಂತು, ಹೊತ್ತು ಮುಳುಗ್ತು. ಜೀತಕ್ಕಿದ್ದ ತಾತನಿಗೆ ಸೂರ್ಯ ಗಡಿಯಾರವಾಗಿದ್ದ, ಅದೂ ಯಜಮಾನನ ಗಡಿಯಾರ. ಹೊತ್ತು ಹುಟ್ಟುವ ಮುಂಚೆ ಹೋಗಬೇಕು, ಹೊತ್ತು ಮುಳುಗಿದ ಮೇಲೆ ಬಿಡುತ್ತಾರೆ. ಅರ್ಘ್ಯ ಬಿಡುವವರು ಸೂರ್ಯನಿಗೆ ಮುಖ ಕೊಟ್ಟು ನಿಲ್ಲುತ್ತಾರೆ, ಐದು ನಿಮಿಷ. ನಾಟಿ ಹಾಕುವ ಹೆಂಗಸರು ಬೆನ್ನು ಕೊಟ್ಟಿರುತ್ತಾರೆ, ದಿನವಿಡೀ. ವಿಟಮಿನ್ ಲೆಕ್ಕದಲ್ಲೇ ಹೋದರೆ ಅದು ನಿಜಕ್ಕೂ ಇರುವ ಬಿಸಿಲು ಅವರದ್ದು. ಯಾರೂ ಅವರನ್ನು ಕರೆದು ಸೂರ್ಯೋಪಾಸಕರು ಅನ್ನಲಿಲ್ಲ, ಸನ್ಮಾನ ಮಾಡಲಿಲ್ಲ. ಕಪ್ಪಾಗಿದ್ದಾರೆ ಅಂದರು. ನಮ್ಮ ಹುಡುಗಿಯರಿಗೆ ಗಂಡು ನೋಡಲು ಬಂದವರು ಈ ಮಾತನ್ನು ಇವತ್ತಿಗೂ ಅನ್ನುತ್ತಾರೆ. ನಮ್ಮವರೂ ಅನ್ನುತ್ತಾರೆ, ಅದನ್ನು ಮುಚ್ಚಿಡಬೇಕಾಗಿಲ್ಲ.

ನಮ್ಮವರ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ಈ ವೈಜ್ಞಾನಿಕ ಕಾರಣಗಳ ಸಂದೇಶಗಳನ್ನು ನನ್ನ ಮೊಬೈಲಿಗೆ ಹೆಚ್ಚು ಕಳಿಸುವವರು ಅಗ್ರಹಾರದವರಲ್ಲ, ನನ್ನ ಜೊತೆಗೆ ಹಾಸ್ಟೆಲಿನಲ್ಲಿ ಓದಿದವರು. ಒಬ್ಬ ಗೆಳೆಯನನ್ನು ಕೇಳಿದೆ. "ಪೂಜೆ ಅಂದ್ರೆ ನಂಗೂ ಆಗಲ್ಲ, ಇದು ಸೈನ್ಸು ಕಣೋ" ಅಂದ. ಸೈನ್ಸು ಅನ್ನುವ ಪದ ನಮಗೆ ಪ್ರವೇಶಪತ್ರದ ಹಾಗೆ ಕಾಣುತ್ತದೆ. ದೇವಸ್ಥಾನಕ್ಕೆ ಬಿಡದ ಕಡೆ ಪ್ರಯೋಗಾಲಯಕ್ಕೆ ಬಿಟ್ಟರಲ್ಲ ಎಂಬ ಕೃತಜ್ಞತೆ ಅದರಲ್ಲಿದೆ. ಆ ಪದವನ್ನೇ ಹಿಡಿದು ಮತ್ತೆ ದೇವಸ್ಥಾನದ ಹೊಸ್ತಿಲಿಗೆ ತಂದು ನಿಲ್ಲಿಸಿದರೂ ನಮಗೆ ತಿಳಿಯುವುದಿಲ್ಲ. ಆ ಗೆಳೆಯನನ್ನು ಬೈಯಲು ನನಗೆ ಮನಸ್ಸಿಲ್ಲ. ಮೈದಾನದಲ್ಲಿ ಬಗ್ಗಿ ಎದ್ದವನು ನಾನೂ ಅಲ್ಲವೆ.

ಹಾಗಾದರೆ ಹಳೆಯ ಆಚರಣೆಗೆ ಹೊಸ ಅರ್ಥ ಕೊಡುವುದೇ ತಪ್ಪೆ? ಹಾಗೂ ಅಲ್ಲ. ಪಾಲಿ ದೀಘನಿಕಾಯದಲ್ಲಿ ಸಿಗಾಲನೆಂಬ ಗೃಹಸ್ಥನ ಮಗನ ಪ್ರಸಂಗವಿದೆ. ರಾಜಗೃಹದ ಹೊರಗೆ ಬೆಳಗಿನ ಹೊತ್ತು ಒದ್ದೆ ಬಟ್ಟೆ, ಒದ್ದೆ ಕೂದಲಲ್ಲಿ ಆರು ದಿಕ್ಕಿಗೂ ಕೈಮುಗಿಯುತ್ತಿರುತ್ತಾನೆ. ಯಾಕಪ್ಪಾ ಅಂತ ಬುದ್ಧ ಕೇಳಿದರೆ, ಸಾಯುವಾಗ ಅಪ್ಪ ಹೇಳಿದ್ದ ಅನ್ನುತ್ತಾನೆ. ಬುದ್ಧನನ್ನು ಪಾಲಿಯಲ್ಲಿ ಸೂರ್ಯನ ಬಂಧು ಎಂದೇ ಕರೆಯುತ್ತಾರೆ. ಅವನು ಪೂರ್ವ ದಿಕ್ಕಿನ ಕಿರಣದಲ್ಲಿ ಇಂಥ ಗುಣವಿದೆ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಪೂರ್ವ ಅಂದರೆ ತಂದೆತಾಯಿ, ದಕ್ಷಿಣ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಗೆಳೆಯರು, ಮೇಲು ಶ್ರಮಣರು ಬ್ರಾಹ್ಮಣರು, ಕೆಳಗಿನ ದಿಕ್ಕು ಆಳುಗಳು, ದುಡಿಯುವವರು ಅಂದ. ಆ ಕೆಳಗಿನ ದಿಕ್ಕಿಗೆ ನಮಸ್ಕಾರ ಮಾಡುವುದು ಹೇಗೆ? ಶಕ್ತಿಗೆ ತಕ್ಕಷ್ಟೇ ಕೆಲಸ ಕೊಡಬೇಕು. ಕೂಳು ಕೂಲಿ ಕೊಡಬೇಕು. ಕಾಯಿಲೆಯಾದರೆ ನೋಡಿಕೊಳ್ಳಬೇಕು. ರುಚಿಯಾದದ್ದನ್ನು ಹಂಚಿ ತಿನ್ನಬೇಕು. ಹೊತ್ತಿಗೆ ಸರಿಯಾಗಿ ಬಿಡುವು ಕೊಡಬೇಕು. ಆಳು ಆಳಾಗಿಯೇ ಉಳಿದ, ಯಜಮಾನ ಯಜಮಾನನಾಗಿಯೇ ಉಳಿದ ಅಂತ ಇದರಲ್ಲೂ ತಕರಾರು ತೆಗೆಯಬಹುದು, ತೆಗೆಯಬೇಕು. ಆದರೂ ಕೈಮುಗಿಯುವವನ ಮೇಲೆ ಒಂದು ಸಾಲ ಬಿತ್ತು. ನಮ್ಮ ವೈಜ್ಞಾನಿಕ ವಿವರಣೆಗಳು ಯಾರ ಮೇಲೂ ಯಾವ ಸಾಲವನ್ನೂ ಹೊರಿಸುವುದಿಲ್ಲ.

ಕಲಬುರಗಿ, ರಾಯಚೂರಿನ ಕಡೆ, ವಿಜಯಪುರ, ಬಾಗಲಕೋಟೆಗಳಲ್ಲಿ ಬೇಸಗೆಯ ಏಪ್ರಿಲ್, ಮೇ ತಿಂಗಳಲ್ಲಿ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುವುದುಂಟು. ಫ್ಯಾನಿನ ಕೆಳಗೆ ಕೂತವರಿಗೂ ಆ ಬಿಸಿಲು ತಡೆಯುವುದಿಲ್ಲ ಅಂತ ಸರಕಾರವೇ ಒಪ್ಪಿದ ಹಾಗಾಯಿತು. ಅದೇ ಹೊತ್ತಿನಲ್ಲಿ ರಸ್ತೆಗೆ ಡಾಂಬರು ಹಾಕುವವರ, ಇಟ್ಟಿಗೆ ಗೂಡಿನವರ, ಗಾರೆ ಕೆಲಸದವರ ಹೊತ್ತನ್ನು ಯಾವ ಗುತ್ತಿಗೆದಾರ ಬದಲಾಯಿಸಿದ್ದಾನೆ? ಸೂರ್ಯನ ಬಗ್ಗೆ ವಿಜ್ಞಾನ ಮಾತಾಡಬೇಕು ಅಂತಿದ್ದರೆ ಇಲ್ಲಿ ಬೇಕಾದಷ್ಟು ಇದೆ. ಮೈಯ ಉಪ್ಪು ನೀರು ಎಷ್ಟು ಹೋಗುತ್ತದೆ, ಮೂತ್ರಪಿಂಡಕ್ಕೆ ಏನಾಗುತ್ತದೆ, ಎಷ್ಟು ಹೊತ್ತಿಗೊಮ್ಮೆ ನೆರಳು ಬೇಕು. ಇದಕ್ಕೆ ರಥಸಪ್ತಮಿಯ ಅತಿಥಿಗಳು ಬೇಕಾಗಿಲ್ಲ.

ಆ ಹುಡುಗಿಯ ಅವ್ವನೂ ಕೂಲಿಗೆ ಹೋಗುತ್ತಾಳೆ. ಮುಂದಿನ ರಥಸಪ್ತಮಿಯ ನೋಟೀಸು ಬ‍ರುವ ಹೊತ್ತಿಗೆ ಈ ಸಂಚಿಕೆ ಅಚ್ಚಾಗಿರುತ್ತದೆ. ನಾನು ಆ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ. ಒಂದು ಪ್ರತಿಯನ್ನು ಅವಳಿಗೆ ತಲುಪಿಸಬೇಕು.